ಲೋಟ ಹಿಡಿದು ಬಂದವರು

ಸಂತೆಮರಹಳ್ಳಿಯಲ್ಲಿ ಬಸ್ಸು ನಿಂತಾಗ ಪಕ್ಕಕ್ಕೆ ಅರಿಶಿನದ ಲಾರಿಯೊಂದು ಬಂತು. ಮುಂದಿನ ಸೀಟಿನವರು ಹಾಯೆಂದು ಉಸಿರೆಳೆದುಕೊಂಡರು. ನಾನು ಕಿಟಕಿ ಮುಚ್ಚಿದೆ. ನಿಮಗದು ಮಂಗಳದ ವಾಸನೆ. ನನಗೆ ಮೈಯೆಲ್ಲ ಉರಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಹೇಳುವುದು ಸುಳ್ಳಲ್ಲ.

ಗುಂಡ್ಲುಪೇಟೆಯ ಚಿಕ್ಕಮ್ಮನಿಗೆ ಕರುಳಿನ ಕ್ಯಾನ್ಸರ್ ಹರಡಿತ್ತು. ಕೀಮೋ ಮುಗಿದು ಇನ್ನು ಕೊಡುವುದೇನೂ ಉಳಿದಿರಲಿಲ್ಲ. ಆಗ ಮೈಸೂರಿನ ಡಾಕ್ಟರಮ್ಮ, ಇನ್ನೂ ಪರೀಕ್ಷೆಯಲ್ಲಿರುವ ಹೊಸ ಮಾತ್ರೆಯೊಂದರ ಮಾತೆತ್ತಿದರು. "ಗುಣ ಆಗುತ್ತೆ ಅಂತ ಹೇಳಲ್ಲಮ್ಮ. ಮೈ ಎಷ್ಟು ತಡ್ಕೊಳ್ಳುತ್ತೆ ಅಂತ ನೋಡೋ ಹಂತ ಇದು. ನಮ್ಮನ್ನ ಕೇಳದೆ ಬೇರೇನೂ ತಗೋಬೇಡಿ." ಚಿಕ್ಕಮ್ಮ ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಮಾತ್ರೆ ಶುರುವಾದ ಮೇಲೆ ನೋವು ತಗ್ಗಿತು. ಒಂದು ದಿನ ಅವಳೇ ಎದ್ದು ಮುದ್ದೆ ಕಟ್ಟಿದಳು. ಸುದ್ದಿ ಹಬ್ಬಿದ್ದೇ ತಡ, ನೆಂಟರು ಬಂದರು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ! ಹಿಂದೆ ಬ್ರೆಡ್ಡು, ಮೂಸಂಬಿ ತರುತ್ತಿದ್ದರು. ಈಗ ಮೊಬೈಲು ಎಲ್ಲರನ್ನೂ ಪಂಡಿತರನ್ನಾಗಿಸಿದೆ. ಚಿಕ್ಕಮ್ಮನ ಅಣ್ಣ, ನಮ್ಮ ಉಡಿಗಾಲದ ಮಾವ, ಗಟ್ಟಿ ಅರಿಶಿನದ ಕಷಾಯಕ್ಕೆ ಯಾವುದೋ ಸೊಪ್ಪಿನ ರಸ ಬೆರೆಸಿ ತಂದು ಕುಡಿಸುತ್ತಿದ್ದರಂತೆ. "ಕುಡ್ದ್ಬುಡು ಕಣಮ್ಮಿ, ನಮ್ ಹೊಲದ್ದೇಯ. ಏನೂ ಆಗಕಿಲ್ಲ." ಚಾಮರಾಜನಗರದಲ್ಲಿರುವ ನನಗೆ ಇದೆಲ್ಲ ತಿಳಿದದ್ದು ಆಮೇಲೆ.

ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿರುವುದು ಕಂಡಿತು. "ಬೇರೇನಾದ್ರೂ ತಗೊಂಡ್ರಾ?" ಎಂದು ಡಾಕ್ಟರಮ್ಮ ಕೇಳಿದರು. "ಇಲ್ಲ ಕಣವ್ವ" ಎಂದಳು ಚಿಕ್ಕಮ್ಮ. ಮಾವ ಪಕ್ಕದಲ್ಲೇ ನಿಂತಿದ್ದರು, ತುಟಿ ಬಿಚ್ಚಲಿಲ್ಲ. ಮಾತ್ರೆ ನಿಂತಿತು.

ಮನೆಗೆ ಬಂದ ಮೇಲೆ, ನೋಡಲು ಹೋದ ನನಗೆ ಚಿಕ್ಕಮ್ಮ ನಿಜ ಹೇಳಿದಳು. ನಾನು ರೇಗಿದೆ. "ಅಣ್ಣ ಅಷ್ಟ್ ದೂರದಿಂದ ಹೊತ್ಕಂಡ್ ಬಂದವ್ನೆ. ಬ್ಯಾಡ ಅಂದ್ರೆ ನೊಂದ್ಕಳಕಿಲ್ವಾ?" ಎಂದಳು. ಮರುದಿನವೇ ಮೈಸೂರಿಗೆ ಓಡಿದೆ. ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಮಾತ್ರೆಯಿಂದ ಆಯ್ತೋ, ಕಷಾಯದಿಂದ ಆಯ್ತೋ, ಈಗ ಹೇಗೆ ಹೇಳಲಿ? ಮತ್ತೆ ಕೊಡೋಕಾಗಲ್ಲ."

ಚಿಕ್ಕಮ್ಮ ಹೋದಳು. ಮಾತ್ರೆ ಅವಳನ್ನು ಉಳಿಸುತ್ತಿತ್ತೆಂದು ನಾನೂ ಹೇಳಲಾರೆ. ಆದರೆ ಶಿವಗಣಾರಾಧನೆಯ ದಿನ ಪಂಕ್ತಿಯಲ್ಲಿ ಕೂತು ಮಾವ ಅಂದರು: "ಆ ಇಂಗ್ಲಿಷ್ ಮಾತ್ರೇನೇ ತಿಂದಾಕ್ತು ನನ್ ತಂಗೀನ." ನಾನು ಎಲೆ ಬಿಟ್ಟು ಎದ್ದೆ. ಬಡಿಸುವವರು ನಿಂತುಬಿಡುವ ಹಾಗೆ ಕೂಗಾಡಿದೆ. ತಪ್ಪೆಂದು ಇವತ್ತಿಗೂ ಅನಿಸಿಲ್ಲ.

ಅಂದಿನಿಂದ ನೆಂಟರು ನನ್ನ ಮನೆಗೆ ಕಾಲಿಡುತ್ತಿಲ್ಲ. ಈ ವಾರ ನನಗೂ ಜ್ವರ, ಕೆಮ್ಮು. ಲೋಟ ಹಿಡಿದು ಯಾರೂ ಬಂದಿಲ್ಲ, ಪುಣ್ಯ. ಆದರೂ ಬಸ್ಸು ಹೊರಟ ಮೇಲೆ ನನ್ನನ್ನೇ ಕೇಳಿಕೊಂಡೆ: ಮಾವ ತಮ್ಮ ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು ಲೋಟ ಚಾಚಿದರೆ, ಬೇಡ ಅನ್ನುತ್ತೀಯೇನೋ? ಹಾಗೆ ಕೇಳಿಕೊಂಡದ್ದಕ್ಕೂ ಸಿಟ್ಟೇ ಬಂತು.