ತಾತನ ತೊಡೆಯ ಮೇಲೆ ಅಪ್ಪ

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಅರ್ಧ ಹಸಿ ಹಿಟ್ಟಿನದು, ಅರ್ಧ ತುಕ್ಕು ಹಿಡಿದ ತಗಡಿನದು. ಮೊನ್ನೆ ಬಾಗಲೂರಿನ ಬಸ್ ಸ್ಟಾಪಿನಲ್ಲಿ ಗೋಡೆಗೆ ಪೋಸ್ಟರ್ ಮೆತ್ತುತ್ತಿದ್ದವನ ಬಕೆಟ್ಟಿನಿಂದ ಅದೇ ವಾಸನೆ ಬಂತು. ಹೊಸೂರಿನ ಬಸ್ಸು ಬಂದು ನಿಂತು ಹೊರಟೂ ಹೋಯಿತು, ನಾನು ಹತ್ತಲಿಲ್ಲ. ಸರೋಜತ್ತೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

ಸರೋಜತ್ತೆ ಅಪ್ಪನ ತಂಗಿ. ನಾನು ಚಿಕ್ಕವಳಿದ್ದಾಗ ಬಾಗಲೂರಿನ ನಮ್ಮ ಹೆಂಚಿನ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮನ ಜೊತೆ ಇನ್ನೂ ಮದುವೆಯಾಗದ ಈ ಅತ್ತೆಯೂ ಇದ್ದಳು. ಮನೆಗೆ ಬಂದ ಯಾವ ಲಗ್ನಪತ್ರಿಕೆಯನ್ನೂ ಅವಳು ಬಿಸಾಡಲು ಬಿಡುತ್ತಿರಲಿಲ್ಲ. ಬಂಗಾರದ ಬಣ್ಣದ ಗಣಪನನ್ನು ಹುಷಾರಾಗಿ ಕತ್ತರಿಸಿ ತೆಗೆದು, ಹರಿದ ಸೀರೆಯ ಜರಿ, ಒಣಗಿಸಿದ ಗುಲಾಬಿ ಎಸಳು, ಸೌತೆ ಬೀಜ, ಬೆಂಕಿಕಡ್ಡಿ ಎಲ್ಲವನ್ನೂ ರಟ್ಟಿನ ಮೇಲೆ ಕೂರಿಸಿ ಗ್ರೀಟಿಂಗ್ ಕಾರ್ಡು ಮಾಡುತ್ತಿದ್ದಳು. ಊರು ತಮಿಳುನಾಡಿನ ಗಡಿಯೊಳಗಿತ್ತು, ಮನೆಯಲ್ಲಿ ನಮಗೆ ಸಂಕ್ರಾಂತಿ, ಸ್ಕೂಲಿನಲ್ಲಿ ಪೊಂಗಲ್. ನನ್ನ ಗೆಳತಿಯರಿಗೆ ತಮಿಳಿನಲ್ಲೇ ಶುಭಾಶಯ ಬರೆದುಕೊಡುತ್ತಿದ್ದಳು. ಅಂಗಡಿಯ ಕಾರ್ಡು ತಂದ ಹುಡುಗಿಯರು ಅವತ್ತು ಅದನ್ನು ಬ್ಯಾಗಿನಿಂದ ತೆಗೆಯುತ್ತಲೇ ಇರಲಿಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತರೆ ಅವಳ ಕತ್ತರಿಗೂ ಬಾಯಿಗೂ ಪುರುಸೊತ್ತಿರುತ್ತಿರಲಿಲ್ಲ. ಹುಳ ಬೀಳದಿರಲಿ ಎಂದು ಮೈದಾ ಗೋಂದಿಗೆ ಮೈಲುತುತ್ತ ಬೆರೆಸುತ್ತಿದ್ದಳಲ್ಲ, ನಾನು ಹತ್ತಿರ ಹೋದರೆ ಸಾಕು, "ಆ ಕೈನ ಬಾಯಿಗಿಕ್ಕಂಡೀಯ ಕಣೇ, ಇಸ ಅದು" ಎಂದು ಹೆದರಿಸುತ್ತಿದ್ದಳು. ಹೆದರಿಸಿ, ತಾನೇ ನನ್ನ ಕೈ ತೊಳೆಯುತ್ತಿದ್ದಳು.

ನಮ್ಮ ಮನೆಯಲ್ಲಿ ಸತ್ತವರ ಪಟಕ್ಕೆ ಒಂದು ಗೋಡೆ, ಬದುಕಿರುವವರ ಫೋಟೋಗೆ ಇನ್ನೊಂದು. ಅಕ್ಕಪಕ್ಕ ಹಾಕುವಂತಿರಲಿಲ್ಲ. ಅತ್ತೆ ಕೈಗೂಸಾಗಿದ್ದಾಗಲೇ ತಾತ ತೀರಿಹೋಗಿದ್ದ. "ಅಪ್ಪ ಮಗ ಒಟ್ಗಿರೋ ಒಂದ್ ಪಟಾನೂ ಇಲ್ವಲ್ಲ" ಎಂದು ಅಜ್ಜಿ ಹಬ್ಬ ಬಂದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಅತ್ತೆ ಮನಸ್ಸಿಗೆ ಹಚ್ಚಿಕೊಂಡುಬಿಟ್ಟಳು. ಒಂದು ಸಂಕ್ರಾಂತಿಗೆ ದೊಡ್ಡ ರಟ್ಟೊಂದನ್ನು ತಂದು, ಸುತ್ತಲೂ ತಾತನ ಹಳೆಯ ಪಂಚೆಯ ಅಂಚು ಕೂರಿಸಿ, ಮೂಲೆಗಳಿಗೆ ರಾಗಿ ತೆನೆ ಅಂಟಿಸಿ, ಕುರ್ಚಿಯಲ್ಲಿ ಕೂತ ತಾತನ ಫೋಟೋ ನಡುವೆ ಇಟ್ಟಳು. ಅಪ್ಪನ ಸ್ಕೂಲಿನ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹುಡುಗನನ್ನು ಕತ್ತರಿಸಿ ತೆಗೆದು ತಾತನ ತೊಡೆಯ ಮೇಲೆ ಅಂಟಿಸಿದಳು. ಅಷ್ಟು ಚೆಂದದ ಕೆಲಸವನ್ನು ಅವಳು ಅದಕ್ಕೆ ಮುಂಚೆ ಮಾಡಿರಲಿಲ್ಲ. ಅಜ್ಜಿ ಖುಷಿಪಡುತ್ತಾಳೆಂದು ಕಾದು ನಿಂತಿದ್ದಳು.

ಅಜ್ಜಿಯ ಮುಖ ಕಪ್ಪಿಟ್ಟಿತು. "ಸತ್ತೋರ ತೊಡೆ ಮ್ಯಾಲೆ ಬದುಕಿರೋ ನನ್ ಮಗನ್ನ ಕೂರಿಸ್ಬುಟ್ಯೇನೇ?"

ಅಪ್ಪ ನಕ್ಕುಬಿಟ್ಟ. "ನಮ್ಮಪ್ಪನ ತೊಡೆ ತಾನೇ, ಬುಡವ್ವ ಅತ್ಲಾಗೆ" ಎಂದು ತಾನೇ ಮೊಳೆ ಹೊಡೆದು ಬಾಗಿಲ ಮೇಲೆ ನೇತುಹಾಕಿದ.

ಆ ಬೇಸಿಗೆಯಲ್ಲಿ ಜೂಜುವಾಡಿಯ ಹತ್ತಿರ ಲಾರಿಯೊಂದು ಅಪ್ಪನ ಮೊಪೆಡ್ಡಿಗೆ ಗುದ್ದಿತು. ಅಪ್ಪ ಅಲ್ಲೇ ಹೋದ. ಆ ರಸ್ತೆಯಲ್ಲಿ ಹಾಗೆ ಹೋದವರು ಎಷ್ಟೋ ಜನ, ಅವರ ತಂಗಿಯರು ಯಾರೂ ಚಿತ್ರ ಅಂಟಿಸಿರಲಿಲ್ಲ. ಆದರೆ ಅಜ್ಜಿಗೆ ಅದನ್ನು ಹೇಳುವವರು ಯಾರು? ತಿಥಿ ಮುಗಿದು ನೆಂಟರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ಅವಳು ಆ ರಟ್ಟನ್ನು ಇಳಿಸಿ ಅತ್ತೆಯ ಮುಂದೆ ಎಸೆದಳು.

"ಅಂಟಿಸ್ದೋಳು ನೀನೇ ತಾನೇ? ಕಿತ್ಕೊಡು ನನ್ ಮಗನ್ನ."

ಅತ್ತೆ ನಿಜವಾಗಿಯೂ ಕೀಳಲು ಕೂತಳು. ನೀರು ಸವರಿದಳು, ಅಂಚಿಗೆ ಉಗುರು ಹಾಕಿ ಎಬ್ಬಿಸಿದಳು. ಗೋಂದು ಬಿಡಲಿಲ್ಲ. ಫೋಟೋದ ಮೇಲಿನ ಪದರ ಮಾತ್ರ ಎದ್ದು, ಅಪ್ಪನ ಮುಖ ಚೂರುಚೂರಾಗಿ ಅವಳ ಉಗುರಿಗೆ ಮೆತ್ತಿಕೊಂಡಿತು. ಅಮ್ಮ ಕೂಡ ತಡೆಯಲಿಲ್ಲ. ಅಜ್ಜಿಯನ್ನು ನಾನು ಎಂದೋ ಕ್ಷಮಿಸಿದ್ದೇನೆ, ಮಗನನ್ನು ಕಳೆದುಕೊಂಡವಳು. ಎಲೆಯಡಿಕೆ ಮೆಲ್ಲುತ್ತಾ ನೋಡುತ್ತಿದ್ದ ಆ ನೆಂಟರನ್ನು ನೆನೆದರೆ ಮಾತ್ರ ಈಗಲೂ ಮೈಯೆಲ್ಲ ಉರಿಯುತ್ತದೆ.

ವರ್ಷ ತುಂಬುವ ಮೊದಲೇ ಅತ್ತೆಯನ್ನು ರಾಯಕೋಟೆಯ ಕಡೆ, ಹೆಂಡತಿ ಸತ್ತಿದ್ದ ರೈತನೊಬ್ಬನಿಗೆ ಕೊಟ್ಟು ಕೈತೊಳೆದುಕೊಂಡರು. ಗಂಡ ಒಳ್ಳೆಯವನೇ. ಅತ್ತೆ ಮಾತ್ರ ಮತ್ತೆ ಕತ್ತರಿ ಹಿಡಿಯಲಿಲ್ಲ, ಯಾರ ಜೊತೆಗೂ ಫೋಟೋಗೆ ನಿಲ್ಲಲಿಲ್ಲ. ನನ್ನ ಮದುವೆಯಲ್ಲಿ ಕೈಹಿಡಿದು ಸ್ಟೇಜಿಗೆ ಎಳೆದೆ. "ನನ್ ಪಕ್ಕ ನಿಂತ್ಕಬ್ಯಾಡ ಕಣವ್ವ, ನೀನು ಚೆನ್ನಾಗಿರ್ಬೇಕು" ಎಂದು ಕೈ ಬಿಡಿಸಿಕೊಂಡು ಅಡುಗೆಯವರ ಕಡೆ ಹೋಗಿಬಿಟ್ಟಳು. ಅಷ್ಟು ಹೊತ್ತಿಗೆ ಅಜ್ಜಿ ಹೋಗಿದ್ದಳು, ಹೆಂಚಿನ ಮನೆ ಕೆಡವಿ ಸೈಟು ಮಾಡಿದ್ದರು. ಭಯ ಮಾತ್ರ ಅವಳಲ್ಲಿ ಹಾಗೇ ಉಳಿದಿತ್ತು.

ಅವಳು ಸತ್ತ ದಿನ ಮನೆಯಲ್ಲಿ ಅವಳ ಫೋಟೋ ಹುಡುಕಿದರೆ ಆಧಾರ್ ಕಾರ್ಡಿನದು ಬಿಟ್ಟು ಬೇರೆ ಇರಲಿಲ್ಲ. ಫ್ಲೆಕ್ಸ್ ಅಂಗಡಿಯವನು ಅದನ್ನೇ ದೊಡ್ಡದು ಮಾಡಿ, ಮೇಲೆ ತಮಿಳಿನಲ್ಲಿ ಕಣ್ಣೀರಂಜಲಿ ಎಂದು ಬರೆದು ಬ್ಯಾನರು ಮಾಡಿಕೊಟ್ಟ. ನಡುವೆ ಅತ್ತೆ, ಅಕ್ಕಪಕ್ಕ ದೀಪ, ಸುತ್ತಲೂ ಮನೆಯವರೆಲ್ಲರ ಮುಖ. ಈಗ ಎಲ್ಲರೂ ಹಾಗೇ ಮಾಡಿಸುತ್ತಾರೆ. ಮನೆಯ ಮಕ್ಕಳು ಮೊಬೈಲಿನಲ್ಲಿ ತಮ್ಮ ಚೆಂದದ ಫೋಟೋ ಆರಿಸಿ ಆರಿಸಿ ಕಳಿಸಿದರು. ನಾನೂ ನನ್ನದನ್ನು ಕಳಿಸಿದೆ. ರಸ್ತೆಯ ತಿರುವಿನಲ್ಲಿ ಕಟ್ಟಿದಾಗ ಊರವರು ನಿಂತು ನೋಡಿದರು. "ಒಬ್ರನ್ನೂ ಬುಡ್ದಂಗೆ ಹಾಕವ್ರೆ" ಎಂದು ಪಕ್ಕದ ಮನೆಯವಳು ಮೆಚ್ಚಿಕೊಂಡಳು. ಬದುಕಿದ್ದಷ್ಟು ದಿನ ಯಾರ ಪಕ್ಕವೂ ನಿಲ್ಲದವಳ ಸುತ್ತ ನಾವೆಲ್ಲರೂ, ಮೊಲೆ ಬಿಡದ ಕೂಸೂ ಸೇರಿ, ನಗುತ್ತಾ ನಿಂತಿದ್ದೆವು. ಯಾರಿಗೂ ಹೆದರಿಕೆಯಾಗಲಿಲ್ಲ.