ಅವನಿಲ್ಲದ ವರ್ಷದ ಕುಷ್ಕಾ

ಮಳೆ ಬರಬಹುದಿತ್ತು. ಮಳೆ ಬಾರದೆ ಬಿಸಿಲು ಬಡಿದು, ಐವತ್ತು ದಾಟಿದ ನಮ್ಮಲ್ಲಿ ಯಾರಾದರೊಬ್ಬರು ಹೇಮಗುಡ್ಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತುಬಿಡಬಹುದಿತ್ತು. ಆ ಒಬ್ಬರು ನಾನೇ ಆಗಬಹುದಿತ್ತು. ಆಗ ಒಂದು ಸಾವಿಗೆ ಅಳಲು ಬಂದವರು ಎರಡಕ್ಕೆ ಅತ್ತು ಹೋಗಬೇಕಾಗುತ್ತಿತ್ತು. ಯಲಬುರ್ಗಾದಿಂದ ನಾನು ಹತ್ತಿದ ಬಸ್ಸು ಕುಕನೂರು ದಾಟಿದ ಮೇಲೆ ಜೋಳದ ಹೊಲಗಳ ನಡುವೆ ಕೆಟ್ಟು ನಿಲ್ಲಬಹುದಿತ್ತು. ಮಂಗಗಳು ಬಂದು ಮೊಸರಿನ ಪಾತ್ರೆಗೆ ಕೈ ಹಾಕಬಹುದಿತ್ತು. ಒಲೆಯ ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಹತ್ತಬಹುದಿತ್ತು, ಹೊಗೆಗೆ ಜೇನು ಏಳಬಹುದಿತ್ತು, ಅನ್ನ ತಳ ಹಿಡಿಯಬಹುದಿತ್ತು. ಗುಡ್ಡದ ಕೆಳಗೆ ಯಾರಾದರೂ ಬಂದು, ಸತ್ತವರು ಯಾರು, ಯಾವ ಪೈಕಿ ಎಂದು ಕೇಳಿ ಮುಖ ಗಂಟಿಕ್ಕಬಹುದಿತ್ತು, ಕಾಲ ಹಾಗಿದೆ. ನಮ್ಮವರೇ ರಾಜಕೀಯ ತೆಗೆದು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯಬಹುದಿತ್ತು. ಯಾರೂ ಬಾರದೇ ಹೋಗಬಹುದಿತ್ತು. ಎಲ್ಲರೂ ಬಂದುಬಿಡಬಹುದಿತ್ತು. ಇವೆರಡಕ್ಕೂ ನಾನು ಸಮಸಮವಾಗಿ ಹೆದರಿದ್ದೆ.

“ಚಿಂತಿ ಮಾಡೂದಕ್ಕ ಪ್ರಮೋಶನ್ ಕೊಡೂದಿದ್ರ ನೀವು ಇಷ್ಟೊತ್ತಿಗೆ ಡಿ.ಸಿ. ಆಗಿರ್ತಿದ್ರಿ,” ಎಂದಳು ನನ್ನ ಹೆಂಡತಿ. ನಾನು ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ, ಯಾರೂ ಎರಡನೇ ಸಲ ತಿರುಗಿ ನೋಡದ ಮೇಜಿನ ಹಿಂದೆ ಕೂರುವವನು. ಯಾವ ಕೆಲಸವನ್ನೂ ಮುಂದೆ ನಿಂತು ಮಾಡಿದವನಲ್ಲ. ಆದರೆ ಈ ಸಲ ಮುಂದೆ ನಿಲ್ಲುತ್ತಿದ್ದವನೇ ಹೋಗಿದ್ದ.

ಅವನು ಗಂಗಾವತಿಯವನು. ಅಕ್ಕಿ ಗಿರಣಿಗಳಿಗೆ ಬೇಕಾದ ಬೆಲ್ಟು, ಜರಡಿ, ಬೇರಿಂಗು ಮಾರುವ ಅಂಗಡಿ ಇತ್ತು. ಕೊಪ್ಪಳದಲ್ಲಿ ನಾವು ಡಿಗ್ರಿ ಓದುವಾಗ ಪಕ್ಕದ ಬೆಂಚಿನಲ್ಲಿ ಕೂತು ಉರ್ದು ಶಾಯರಿಯನ್ನು ಕನ್ನಡದ ಬೈಗುಳದ ಜೊತೆ ಬೆರೆಸಿ ಹೇಳುತ್ತಿದ್ದ. ಕಾಲೇಜು ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಊರು ಹಿಡಿದೆವು. ಇವನು ಬಿಡಲಿಲ್ಲ. ವರ್ಷಕ್ಕೊಮ್ಮೆ, ಭತ್ತದ ಕೊಯ್ಲು ಮುಗಿದು ಗಿರಣಿಗಳು ಉಸಿರು ಬಿಡುವ ಹೊತ್ತಿಗೆ, ನಮ್ಮನ್ನೆಲ್ಲ ಹೇಮಗುಡ್ಡಕ್ಕೆ ಕರೆಸುತ್ತಿದ್ದ. ಮೇಲೆ ಹೋಗಿ ದುರ್ಗಮ್ಮನಿಗೆ ಕೈ ಮುಗಿಯುವವರು ಮುಗಿದು ಬರುತ್ತಿದ್ದರು. ಅವನು ಕೆಳಗೆ ಬೇವಿನ ಮರದ ಬುಡದಲ್ಲಿ ಮೂರು ಕಲ್ಲು ಹೂಡಿ, ಡೇಗು ಎನ್ನುವ ತನ್ನ ದೊಡ್ಡ ತಾಮ್ರದ ಹಂಡೆ ಏರಿಸಿ ಕುಷ್ಕಾ ಮಾಡುತ್ತಿದ್ದ. ಕುಷ್ಕಾ ಎಂದರೆ ತುಂಡಿಲ್ಲದ ಬಿರಿಯಾನಿ. ನಮ್ಮಲ್ಲಿ ಅರ್ಧ ಮಂದಿ ಲಿಂಗ ಕಟ್ಟಿದವರು. “ನಿಮ್ಮಂಥಾ ಹುಲ್ಲು ತಿನ್ನೋರ ಸಂಗ ಮಾಡಿ ನನ್ನ ಬಿರಿಯಾನಿ ಸನ್ಯಾಸ ತಗೊಂತು,” ಎಂದು ಪ್ರತಿ ವರ್ಷ ಹೇಳುತ್ತಿದ್ದ. ನಾವು ಪ್ರತಿ ವರ್ಷ ಹೊಸದಾಗಿ ಕೇಳಿದಂತೆ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದವನು ಅಲ್ಲೇ ಕುಸಿದನಂತೆ. ಆವತ್ತೇ ಸಂಜೆ ಮಣ್ಣು. ಬರಲು ಆದವರು ಬಂದು, ಒಂದೊಂದು ಹೆಜ್ಜೆ ಹೆಗಲು ಕೊಟ್ಟು, ಹಿಡಿ ಮಣ್ಣು ಹಾಕಿ, ಬಸ್ ನಿಲ್ದಾಣದಲ್ಲಿ ನಿಂತೇ ಚಹಾ ಕುಡಿದೆವು. ತಮ್ಮ ತಮ್ಮ ಬಸ್ಸು ಬಂದಂತೆ ಒಬ್ಬೊಬ್ಬರೇ ಹತ್ತಿಕೊಂಡರು. “ಮತ್ತ ಸಿಗೂಣು” ಎಂದು ಯಾರೂ ಅನ್ನಲಿಲ್ಲ. ಆಗ ನನಗೆ ಹೊಳೆದದ್ದು ಇದು: ಈ ವರ್ಷ ಸೇರದಿದ್ದರೆ ಇನ್ನು ನಾವು ಸೇರುವುದು ಒಬ್ಬೊಬ್ಬರ ಮಣ್ಣಿಗೆ ಮಾತ್ರ. ಅದೂ ಪ್ರತಿ ಸಲ ಒಬ್ಬರು ಕಡಿಮೆಯಾಗಿ.

ನಲವತ್ತನೇ ದಿನ ಕಳೆದ ಮೇಲೆ ಕೊಪ್ಪಳದಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯ ನಮ್ಮಲ್ಲಿ ಕೆಲವರನ್ನು ಕರೆಸಿದ. ಹಾಲ್ ಹಿಡಿದು ಶ್ರದ್ಧಾಂಜಲಿ ಸಭೆ ಮಾಡುವುದು, ಫೋಟೋಕ್ಕೆ ಹಾರ, ದೀಪ, ಎರಡು ನಿಮಿಷ ಮೌನ, ಆಮೇಲೆ ಭಾಷಣ. ಎಲ್ಲ ಅವನ ತಲೆಯಲ್ಲಿ ಸಿದ್ಧವಿತ್ತು. ಫ್ಲೆಕ್ಸಿನ ನಮೂನೆಯನ್ನು ಮೊಬೈಲಿನಲ್ಲಿ ತೋರಿಸಿದ. ಮೋಡಗಳ ನಡುವೆ ನಮ್ಮ ಗೆಳೆಯನ ಮುಖ, ಪಕ್ಕದಲ್ಲಿ ಹನಿ ತುಂಬಿದ ಒಂದು ಕಣ್ಣು, ಕೆಳಗೆ ‘ಮತ್ತೊಮ್ಮೆ ಹುಟ್ಟಿ ಬಾ ಗೆಳೆಯಾ’. ಅದರ ಕೆಳಗೆ ದುಃಖತಪ್ತರ ಫೋಟೋಗಳು. ಅವುಗಳಲ್ಲಿ ಔಷಧಿ ಅಂಗಡಿಯವನದು ಸತ್ತವನ ಮುಖಕ್ಕಿಂತ ತುಸು ದೊಡ್ಡದಿತ್ತು.

ಕುಷ್ಟಗಿಯಿಂದ ಬಂದಿದ್ದ ನಮ್ಮ ಸಹಪಾಠಿ, ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಕನ್ನಡಕ ಏರಿಸಿ ನೋಡಿದಳು. ನಾವೆಲ್ಲ ಅವಳನ್ನು ಟೀಚರಮ್ಮ ಅನ್ನುತ್ತೇವೆ, ಒಂದಿಷ್ಟು ಹೆದರಿಕೊಂಡೇ.

“ಮತ್ತೊಮ್ಮೆ ಹುಟ್ಟಿ ಬಾ ಅಂತ ಯಾರಿಗೆ ಹೇಳಾಕತ್ತೀ? ಅವರೊಳಗ ಮತ್ತೊಮ್ಮೆ ಹುಟ್ಟೂದು ಇಲ್ಲೋ ಖೋಡಿ. ಒಮ್ಮೆ ಬರೂದು, ಒಮ್ಮೆ ಹೋಗೂದು. ನಿನ್ನ ಫ್ಲೆಕ್ಸಿನ ಸಲುವಾಗಿ ದೇವ್ರು ಕಾಯ್ದೆ ತಿದ್ದಬೇಕೇನು?”

“ಅಂವಾ ನಮ್ಮವ, ಅಂತ ಬರ್ಸೀನಿ,” ಎಂದ ಅವನು, ಮುಖ ಸಣ್ಣದು ಮಾಡಿ. “ಪ್ರಿಂಟಿಗೆ ಕೊಟ್ಟೂ ಬಿಟ್ಟೀನಿ.”

“ಇಟ್ಕೋ. ನೀ ಹೋದಾಗ ಉಪಯೋಗ ಬರ್ತೈತಿ.”

ನಾನು ಬಾಯಿ ತೆರೆದದ್ದು ಆಗ. “ಸಭಾ ಬ್ಯಾಡ. ಪ್ರತಿ ವರ್ಷದಂಗ ಹೇಮಗುಡ್ಡಕ್ಕ ಹೋಗೂಣು. ಅಲ್ಲೇ ಕುಷ್ಕಾ ಮಾಡೂಣು.”

“ಯಾರು ಮಾಡೂದು?” ಎಂದ ಔಷಧಿ ಅಂಗಡಿಯವನು.

“ನಾವ.”

“ಜನ ಏನಂತಾರೋ ಮಾರಾಯಾ? ದೋಸ್ತ ಸತ್ತಾನ, ಇವ್ರು ಡೇಗು ಹೊತ್ಕೊಂಡು ಊಟಕ್ಕ ಹೊಂಟಾರ ಅಂತಾರ.”

“ಅನ್ಲಿ,” ಎಂದೆ. ಈ ಮಾತು ಯಾರ ಬಾಯಿಂದ ಬಂತೆಂದು ನಾನೇ ಹಿಂದೆ ತಿರುಗಿ ನೋಡಬೇಕೆನಿಸಿತು. ಜನ ಏನಂತಾರೆ ಎಂಬ ಪ್ರಶ್ನೆಯ ಮೇಲೇ ನನ್ನ ಇಡೀ ಆಯುಷ್ಯ ನಿಂತಿದೆ. ಟೀಚರಮ್ಮ ನನ್ನನ್ನು, ಹಿಂದಿನ ಬೆಂಚಿನ ಹುಡುಗ ಸರಿ ಉತ್ತರ ಕೊಟ್ಟಾಗ ನೋಡುವಂತೆ ನೋಡಿದಳು. “ಆತು. ಆದ್ರ ಮೊದಲ ಅವನ ಮನ್ಯಾಗ ಕೇಳಬೇಕು,” ಎಂದಳು.

ಕೇಳಲು ನಾವಿಬ್ಬರೂ ಗಂಗಾವತಿಗೆ ಹೋದೆವು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಹೊರಗಿನ ಗಂಡಸರೆದುರು ಬರುವುದಿಲ್ಲ. ಅವರಲ್ಲಿ ಅದಕ್ಕೆ ಇದ್ದತ್ ಅನ್ನುತ್ತಾರೆ. ಆದ್ದರಿಂದ ಟೀಚರಮ್ಮ ಸೀದಾ ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಅವನ ಅಣ್ಣನ ಪಕ್ಕ ಕೂತು, ಬಾಗಿಲ ಪರದೆಗೆ ನನ್ನ ಮಾತು ಒಪ್ಪಿಸಿದೆ. ಹೇಳುತ್ತ ಹೇಳುತ್ತ ನನಗೇ ಕೆಟ್ಟದೆನಿಸಿತು. ಅವರು ಶೋಕದಲ್ಲಿರುವಾಗ ನಾನು ಅಡುಗೆಯ ಮಾತಾಡುತ್ತಿದ್ದೆ.

ಪರದೆಯ ಆಚೆಯಿಂದ ಅವನ ಹೆಂಡತಿ, ನಮಗೆಲ್ಲ ಭಾಬಿ, ಹೇಳಿದರು: “ಹೋಗ್ರಿ ಭಾಯಿ. ಆ ದಿನ ಬಂತಂದ್ರ ಅವರು ಮನ್ಯಾಗ ಯಾರ ಮಾತೂ ಕೇಳ್ತಿದ್ದಿಲ್ಲ. ಡೇಗು ಇಲ್ಲೇ ಐತಿ, ತಗೊಂಡು ಹೋಗ್ರಿ. ಹೊಳ್ಳಿ ತರಬ್ಯಾಡ್ರಿ.”

ಅವರಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: “ಮುಂದಿನ ವರ್ಷದ್ದು ಯಾರು ನೋಡ್ತಾರ, ಅವರ ಮನ್ಯಾಗ ಇರ್ಲಿ. ಇಲ್ಲಿದ್ರ ನಾ ದಿನಾ ನೋಡಬೇಕಾಗ್ತೈತಿ.”

ಅವನ ಅಣ್ಣ ಎದ್ದು ಹಿತ್ತಲಿನಿಂದ ಆ ಡೇಗನ್ನು ಉರುಳಿಸಿಕೊಂಡು ಬಂದರು. ಹೊಸದಾಗಿ ಕಲಾಯಿ ಮಾಡಿಸಿತ್ತು. ಸಾಯುವ ಒಂದು ವಾರ ಮೊದಲು ಅವನೇ ಮಾಡಿಸಿದ್ದನಂತೆ. ಒಳಗೆ ಟೀಚರಮ್ಮ ಕುಷ್ಕಾದ ಹದ ಕೇಳಿಕೊಳ್ಳುತ್ತಿದ್ದಳು. ಪರದೆಯ ಈಚೆಗೂ ಕೇಳಿಸುತ್ತಿತ್ತು. ಈರುಳ್ಳಿ ಎಷ್ಟು ಕೆಂಪಾಗಬೇಕು, ಪುದೀನ ಯಾವಾಗ, ಮೊಸರು ಒಡೆಯದಂತೆ ಹೇಗೆ, ದಮ್ಮಿಗೆ ಇಟ್ಟಾಗ ಮುಚ್ಚಳದ ಮೇಲೆ ಕೆಂಡ ಎಷ್ಟು. ಹೇಳುವ ದನಿ ನಡುನಡುವೆ ನಿಂತು ಮತ್ತೆ ಹೊರಡುತ್ತಿತ್ತು.

ಆಮೇಲಿನ ವಾರಗಳಲ್ಲಿ ನಾನು ಮಾಡಿದ್ದು ಒಂದೇ: ಫೋನು. “ಅವನಿಲ್ದ ಅಲ್ಲಿ ಏನು ಮಾಡೂದೋ” ಎಂದರು ಕೆಲವರು. “ನೋಡೂಣು” ಎಂದರು ಉಳಿದವರು. ನಮ್ಮ ಸೀಮೆಯಲ್ಲಿ ‘ನೋಡೂಣು’ ಎಂದರೆ ಬರುವುದಿಲ್ಲ ಎಂದರ್ಥ. ಸಾಮಾನ್ಯ ಮನುಷ್ಯನಾದರೆ ಅಲ್ಲಿಗೆ ಬಿಡುತ್ತಿದ್ದ. ನಾನು ಚಿಂತೆಗಾರ. ಅವರು ಬರುತ್ತಾರೋ ಇಲ್ಲವೋ ಎಂಬ ಹುಳ ತಲೆಯಲ್ಲಿ ಹೊಕ್ಕ ಮೇಲೆ ಮರುದಿನ ಮತ್ತೆ ಫೋನು, ಅದರ ಮರುದಿನ ಮತ್ತೆ. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ರೋಗ ಲೋಕಕ್ಕೆ ಉಪಯೋಗಕ್ಕೆ ಬಂತು. “ಯಪ್ಪಾ, ಬರ್ತೀನಿ, ಆದ್ರ ನೀ ಇನ್ನ ಫೋನ್ ಮಾಡಬ್ಯಾಡ” ಎಂದು ಒಬ್ಬೊಬ್ಬರಾಗಿ ಶರಣಾದರು.

ಆ ದಿನ ಬಂತು. ಮಳೆಯಿಲ್ಲ. ಬಸ್ಸು ಕೆಡಲಿಲ್ಲ. ಔಷಧಿ ಅಂಗಡಿಯವನು ಟೀಚರಮ್ಮನನ್ನು ಕಾರಿನಲ್ಲಿ ಕರೆತರುವುದಾಗಿ ಹೇಳಿದರೆ, “ನನಗ ಬಸ್ ಫ್ರೀ ಐತಿ, ನಿನ್ನ ಉಪಕಾರ ಯಾಕ?” ಎಂದು ಕುಷ್ಟಗಿಯಿಂದ ಎರಡು ಬಸ್ಸು ಬದಲಿಸಿ, ನಮಗಿಂತ ಮೊದಲೇ ಬಂದು ಮರದ ಕೆಳಗೆ ಕೂತಿದ್ದಳು. ಮಂಗಗಳು ದೂರದ ಬಂಡೆಯ ಮೇಲೆ ಕೂತು ನಮ್ಮ ದುಃಖಕ್ಕೆ ಮರ್ಯಾದೆ ಕೊಟ್ಟವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಿಂತು, ಯಾವ ಕಾರ್ಯ ಎಂದು ಕೇಳಿದ. ನಾನು ಅವನ ಹುಬ್ಬು ನೋಡುತ್ತಲೇ ಗೆಳೆಯನ ಹೆಸರು ಹೇಳಿದೆ. “ಬೆಲ್ಟಿನ ಅಂಗಡಿಯವನಽ? ಛಲೋ ಮನಷ್ಯಾ. ಗಾಳಿ ಈ ಕಡಿಂದ ಬರ್ತೈತಿ, ಒಲಿ ತಿರುಗ್ಸಿ ಹೂಡ್ರಿ,” ಎಂದು ಮುಂದೆ ಹೋದ.

ಕೆಲಸ ತಾನಾಗಿ ಹಂಚಿಕೆಯಾಯಿತು. ಇಷ್ಟು ವರ್ಷ ಯಾರು ಏನು ಮಾಡುತ್ತಿದ್ದರೋ ಅವರು ಅದಕ್ಕೇ ಕೈ ಹಚ್ಚಿದರು. ಔಷಧಿ ಅಂಗಡಿಯವನು ಬೆಂಕಿ, ನಾನು ಅಕ್ಕಿ ತೊಳೆಯುವುದು, ಟೀಚರಮ್ಮ ಈರುಳ್ಳಿ. ಸೌಟು ಹಿಡಿಯುವ ಜಾಗ ಖಾಲಿ ಇತ್ತು. ಸ್ವಲ್ಪ ಹೊತ್ತು ಎಲ್ಲರೂ ಅದನ್ನು ಸುತ್ತಿ ನಡೆದೆವು. ಕೊನೆಗೆ ಟೀಚರಮ್ಮ ಸೆರಗು ಸಿಕ್ಕಿಸಿ ಹಿಡಿದಳು. ಭಾಬಿ ಹೇಳಿದ್ದನ್ನೆಲ್ಲ ಬಾಯಿಪಾಠದ ಮಗ್ಗಿಯಂತೆ ಹೇಳಿಕೊಳ್ಳುತ್ತ ಹಾಕಿದಳು. ಈರುಳ್ಳಿ ಕೆಂಪಾಯಿತು, ಪುದೀನ ಬಿತ್ತು, ಮೊಸರು ಒಡೆಯಲಿಲ್ಲ. ಅಕ್ಕಿ ಹಾಕಿ, ಮುಚ್ಚಳಕ್ಕೆ ಕಣಕ ಮೆತ್ತಿ, ಮೇಲೆ ಕೆಂಡ ಹರಡಿದೆವು.

ದಮ್ಮಿಗೆ ಬಿಟ್ಟ ಹೊತ್ತಿನಲ್ಲಿ ಮಾತು ಬರಬೇಕಿತ್ತು, ಬರಲಿಲ್ಲ. ಭಾಷಣ ಬೇಡವೆಂದು ನಾನೇ ಹೇಳಿದ್ದೆ. ಈಗ ಯಾರಾದರೂ ಒಂದು ಕೆಟ್ಟ ಭಾಷಣವನ್ನಾದರೂ ಮಾಡಿದರೆ ಸಾಕೆನಿಸಿತು. ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡು ಹೊಗೆಯ ಮೇಲೆ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ, “ಈ ಡೇಗು ಯಾರ ಮನ್ಯಾಗ ಇಡೂದು?”

ಒಬ್ಬ ಮೊಬೈಲು ತೆಗೆದ. ಇನ್ನೊಬ್ಬ ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದ. ಆಯಿತು, ನಾನು ಹೊತ್ತು ತಂದ ಜನ ಇಷ್ಟೇ ಎಂದುಕೊಂಡೆ. ಇವರು ಬಂದದ್ದು ನನ್ನ ಫೋನಿನ ಕಾಟಕ್ಕೆ. ಊಟ ಮಾಡುತ್ತಾರೆ, ಹೋಗುತ್ತಾರೆ, ಮುಗಿಯಿತು. ಆದರೂ ಎಲೆ ಹಾಸಿದೆ. ಮುಗಿಯುವುದಾದರೆ ಉಂಡು ಮುಗಿಯಲಿ.

ಮುಚ್ಚಳ ತೆಗೆದಾಗ ಬಂದ ಘಮಕ್ಕೆ ಇಬ್ಬರು ಗಂಡಸರು ಮುಖ ಆಚೆ ತಿರುಗಿಸಿದರು. ಅದೇ ಬಣ್ಣ, ಅದೇ ಬಿಡಿಬಿಡಿ ಅಗುಳು. ಬಡಿಸಿದೆವು. ಮೊದಲ ತುತ್ತು ಬಾಯಿಗಿಟ್ಟೆ. ನಾಲಗೆಗೆ ಏನೂ ಹತ್ತಲಿಲ್ಲ. ರುಚಿ ಹೋಗುವುದು ಯಾವ ರೋಗದ ಲಕ್ಷಣ ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ, ಪಾರ್ಶ್ವವಾಯುವಿನವರೆಗೆ ಬಂದೆ. ಎಡಗೈ ಮಡಚಿ ನೋಡಿದೆ, ಮಡಚಿತು. ಸುತ್ತ ಕಣ್ಣಾಡಿಸಿದರೆ ಎಲ್ಲರೂ ತಲೆ ತಗ್ಗಿಸಿ, ಪ್ರಸಾದದಂತೆ, ಮಾತಿಲ್ಲದೆ ಉಣ್ಣುತ್ತಿದ್ದರು. ಔಷಧಿ ಅಂಗಡಿಯವನು ಪ್ರತಿ ತುತ್ತಿಗೂ ಕಣ್ಣು ಮುಚ್ಚುತ್ತಿದ್ದ.

ಟೀಚರಮ್ಮ ಕೈ ನಿಲ್ಲಿಸಿದಳು.

“ದುಃಖಕ್ಕ ಬಾಯಿ ರುಚಿ ಕೆಟ್ಟೈತಿ ಅಂತ ಇಷ್ಟೊತ್ತು ತಿಳ್ಕೊಂಡಿದ್ದೆ,” ಎಂದಳು. “ಲೇ, ಇದಕ್ಕ ಉಪ್ಪ ಬಿದ್ದಿಲ್ಲಲ್ರೋ!”

“ನಾನೂ ಹಂಗ ತಿಳ್ಕೊಂಡಿದ್ದೆ,” ಎಂದ ಒಬ್ಬ. “ನಾನೂ,” ಎಂದ ಇನ್ನೊಬ್ಬ. “ನನಗ ಬಿ.ಪಿ. ಐತಿ ಅಂತ ಕಮ್ಮಿ ಹಾಕೀರೇನೋ ಅಂದ್ಕೊಂಡೆ,” ಎಂದ ಔಷಧಿ ಅಂಗಡಿಯವನು. ಅಲ್ಲಿಗೆ ಕಟ್ಟೆ ಒಡೆಯಿತು. ನಗುವಿನಲ್ಲಿ ಒಬ್ಬನಿಗೆ ಅನ್ನ ನೆತ್ತಿಗೇರಿತು. ಅಳುವವರೂ ನಗುವವರೂ ಒಂದೇ ಸದ್ದು ಮಾಡುತ್ತಿದ್ದರು.

ಆದದ್ದು ಇಷ್ಟು. ಮೊಟ್ಟಮೊದಲ ವರ್ಷ ನಾವೆಲ್ಲ ಒಬ್ಬರಾದ ಮೇಲೊಬ್ಬರು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದೆ, ಡೇಗಿಗೆ ಉಪ್ಪು ಸುರಿದು ಊಟ ಹಾಳು ಮಾಡಿದ್ದೆವು. ಅವತ್ತು ಅವನು ಸೌಟು ಎತ್ತಿ ಫರ್ಮಾನು ಹೊರಡಿಸಿದ: “ಇನ್ನ ಮ್ಯಾಲೆ ಉಪ್ಪಿಗೆ ನನ್ನ ಕೈ ಒಂದಽ. ಬ್ಯಾರೇದವ್ರು ಮುಟ್ಟಿದ್ರ ಕೈ ಮುರೀತೀನಿ.” ಅಲ್ಲಿಂದ ಯಾರೂ ಮುಟ್ಟಿದವರಲ್ಲ. ಈ ವರ್ಷವೂ ಮುಟ್ಟಲಿಲ್ಲ. ಭಾಬಿ ಹದ ಹೇಳುವಾಗ ಉಪ್ಪು ಹೇಳಿರಲಿಲ್ಲ. ಉಪ್ಪು ಹಾಕಿರೆಂದು ಯಾರಿಗಾದರೂ ಹೇಳುತ್ತಾರೆಯೇ? ಒಂದನ್ನು ಮರೆತರೆ ಇನ್ನೊಂದಿರಲಿ ಎಂದು ನಾನು ಉಪ್ಪಿನ ಎರಡು ಪೊಟ್ಟಣ ತಂದಿದ್ದೆ. ಎರಡೂ ಚೀಲದಲ್ಲಿ ಬಾಯಿ ಒಡೆಯದೆ ಕೂತಿದ್ದವು.

ಒಂದನ್ನು ಹಲ್ಲಿನಿಂದ ಹರಿದು ಎಲೆಯಿಂದ ಎಲೆಗೆ ಚಿಟಿಕೆ ಹಾಕುತ್ತ ಹೊರಟೆ. ಬೆನ್ನ ಹಿಂದೆ ಆಗಲೇ ಜಗಳ ಶುರುವಾಗಿತ್ತು.

“ಮುಂದಿನ ವರ್ಷ ಉಪ್ಪು ನಂದು.”

“ನಿಂದ್ಯಾಕ? ಬಿ.ಪಿ. ಇದ್ದಾಂವಗ ಉಪ್ಪಿನ ಅಧಿಕಾರ ಕೊಟ್ರ ನಾವೆಲ್ಲಾ ಸಪ್ಪಗ ಸಾಯಬೇಕಾಗ್ತೈತಿ.”

“ಹಂಗಾರ ಟೀಚರಮ್ಮ ಹಾಕ್ಲಿ.”

“ನಾ ಹಾಕಂಗಿಲ್ಲಪ್ಪಾ. ಈ ಚಿಂತಿಗಾರ ಹಾಕ್ಲಿ, ಹಾಕೇನೋ ಇಲ್ಲೋ ಅಂತ ಹತ್ತು ಸಲ ನೋಡ್ತಾನ.”

ನಾನು ತಿರುಗಿ ನೋಡಲಿಲ್ಲ. ಹಾಕಿದೆನೋ ಇಲ್ಲವೋ ಎಂದು ಮತ್ತೊಂದು ಚಿಟಿಕೆ ಹಾಕಿದ್ದಕ್ಕೆ, ಔಷಧಿ ಅಂಗಡಿಯವನ ಎಲೆಗೆ ಉಪ್ಪು ಸ್ವಲ್ಪ ಹೆಚ್ಚೇ ಬಿತ್ತು.