ಎಡಕ್ಕೆ ಬಿದ್ದ ಹೂವು

ಯುದ್ಧಕ್ಕೆ ಹೋಗಿ ಇಟಲಿ ಕಂಡು ಬಂದ ನನ್ನ ಸೋದರತ್ತೆಯ ಮಗ ನಮ್ಮೂರು ತಿಕೋಂಡಿಗೆ ತಂದದ್ದು ಒಂದು ಕಂಬಳಿ, ಒಂದು ಮಾತು. ಕಂಬಳಿ ಅತ್ತೆಯ ಪಾಲಾಯಿತು, ಮಾತು ಓಣಿಗೆಲ್ಲ ಅಂಟಿತು. ‘ಆ ಕಾಸೊ.’ ಗೊತ್ತುಗುರಿ ಇಲ್ಲದೆ ಆದದ್ದಕ್ಕೆ, ಕಾರಣ ಹುಡುಕಿದರೂ ಸಿಗದ್ದಕ್ಕೆ ಅಲ್ಲಿಯ ಜನ ಹಾಗೆನ್ನುತ್ತಾರಂತೆ. ಬದುವಿನ ಆಚೆ ಮಳೆ ಬಿದ್ದು ಈಚೆ ಬೀಳದಿದ್ದರೆ ಆ ಕಾಸೊ. ಎಮ್ಮೆ ಒದ್ದರೂ ಆ ಕಾಸೊ ಎನ್ನುತ್ತಿದ್ದ. ಹಿಂಡಲು ಬಾರದವನು ಹಿಂಡಿದರೆ ಒದೆಯದೆ ಇನ್ನೇನು ಎಂದು ನಾನು ಅಂದಾಗ, ಹಾಗಾದರೆ ಇದಕ್ಕೆ ಆ ಮಾತು ಸಲ್ಲದು ಎಂದು ನಕ್ಕು ಒಪ್ಪಿಕೊಂಡ.

ನನ್ನನ್ನು ಅವನಿಗೇ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಆದರೆ ಅಪ್ಪ ಶಿವನನ್ನು ಕೇಳದೆ ಬೀಜದ ಚೀಲವನ್ನೂ ಬಿಚ್ಚುವವನಲ್ಲ. ನಮ್ಮಲ್ಲಿ ಲಿಂಗದ ಎಡಬಲಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ನಮ್ಮ ಮದುವೆಗೆಂದು ಅಪ್ಪ ಗುಡಿಯಲ್ಲಿ ಕೇಳಿದಾಗ ಎಡದ್ದು ಬಿತ್ತು.

ಅಪ್ಪ ಮನೆಗೆ ಬಂದವನೇ ಕರಜಗಿಯ ಒಬ್ಬ ವರನ ಸುದ್ದಿ ತೆಗೆದ. ರೊಟ್ಟಿ ಬಡಿಯುತ್ತಿದ್ದ ನಾನು ಬಿಕ್ಕಿದೆ. ನನಗೆ ಅತ್ತೆಯ ಮಗನೇ ಬೇಕಿತ್ತು, ಹೇಳಲು ಬಾಯಿ ಇರಲಿಲ್ಲ.

ಅಷ್ಟರಲ್ಲಿ ಅವನೇ ಬಂದು ಪಡಸಾಲೆಯಲ್ಲಿ ಕುಳಿತ.

“ಮಾಮಾ, ಹೂವು ಬಿದ್ದದ್ದು ಆ ಕಾಸೊ ರೀ.”

“ಶಿವನ ಮಾತಿಗಿ ಹಂಗ ಅನಬ್ಯಾಡ,” ಎಂದ ಅಪ್ಪ.

“ಶಿವನ ಮ್ಯಾಲ ಸಿಟ್ಟ ಬರಬಾರದಂತನ ಹಂಗ ಅಂತೀನ್ರಿ. ಅಲ್ಲೆ ಯುದ್ಧದಾಗ ನಾನೂ ನನ್ನ ಜೋಡಿದಾರನೂ ಕುಂತ ಜಾಗಾ ಬದಲ ಮಾಡಿದಿವಿ. ಅವಗ ಬಿಸಲ ಬೇಕಾಗಿತ್ತು, ಅಷ್ಟ. ಗುಂಡು ಬಂದು ಅವನ ಮ್ಯಾಲ ಬಿತ್ತು. ಅವ ಏನ ಪಾಪ ಮಾಡಿದ್ದ? ನಂದೇನ ಪುಣ್ಯಾ? ಅದನ್ನ ಶಿವನ ಮಾಡ್ಯಾನ ಅಂದ್ರ, ನಾ ಗುಡಿ ಮೆಟ್ಟಲಾ ಹೆಂಗ ಹತ್ತಲ್ರಿ?”

ಅವನು ಅದುವರೆಗೆ ಯುದ್ಧದ ಸುದ್ದಿ ಎತ್ತಿದವನೇ ಅಲ್ಲ. ಅಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹಂಗಾರ ಯಾರನ್ನ ಕೇಳಬೇಕೋ ಮತ್ತ?”

ಅವನು ಅಡುಗೆಮನೆಯ ಕಡೆ ನೋಡಿದ.

ಅಪ್ಪ ಎದ್ದು ಬಂದು ಒಲೆಯ ಮುಂದೆ ನನ್ನ ಪಕ್ಕ ಕುಳಿತ. “ನೀ ಏನಂತೀಯವಾ?”

ನಮ್ಮ ಓಣಿಯಲ್ಲಿ ಹೆಣ್ಣುಮಗಳನ್ನು ಯಾರೂ ಹಾಗೆ ಕೇಳಿದವರಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, “ಅವನ ಬೇಕಪ್ಪಾ,” ಎಂದೆ.

ಅಪ್ಪ ನನ್ನ ಕೆನ್ನೆಗೆ ಹತ್ತಿದ ಹಿಟ್ಟು ಒರೆಸಿ, “ಆತು,” ಎಂದ. ಶಿವನ ಮಾತನ್ನು ಅಪ್ಪ ಎಂದೂ ಮೀರಿದವನಲ್ಲ, ಅವತ್ತು ನನಗಾಗಿ ಮೀರಿದ.